ಜಮನಾಲಾಲ್ ಬಜಾಜ್: ಹತ್ತಿ ವ್ಯಾಪಾರಿ ಕಾಂಗ್ರೆಸ್ ಖಜಾಂಚಿಯಾದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಚುನಾವಣೆ ಹತ್ತಿರ ಬಂದಾಗಲೆಲ್ಲ ಮಂಡಿಯಲ್ಲಿ ಒಂದು ಚರ್ಚೆ ಏಳುತ್ತದೆ: ವ್ಯಾಪಾರದವರಿಗೆ ರಾಜಕೀಯ ಬೇಕಾ? ಬೇಡ ಅನ್ನುವವರೇ ಜಾಸ್ತಿ. ಆಗ ನಾನು ಜಮನಾಲಾಲ್ ಬಜಾಜ್ ಹೆಸರು ತೆಗೆಯುತ್ತೇನೆ. ಹೆಸರು ಕೇಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ನಡುವೆ ನನ್ನ ಅಭಿಪ್ರಾಯವೂ ಬರುತ್ತದೆ, ಸಹಿಸಿಕೊಳ್ಳಿ.

ಬಜಾಜ್ ಅಂದ್ರೆ ಸ್ಕೂಟರ್ ಕಂಪನಿಯವರು ತಾನೇ?

ಅದೇ ಮನೆತನ. ಆದರೆ ಜಮನಾಲಾಲ್ ಸ್ಕೂಟರ್ ನೋಡಲೇ ಇಲ್ಲ. ಅವರು ತೀರಿಕೊಂಡದ್ದು 1942ರಲ್ಲಿ. ಬಜಾಜ್ ಆಟೋದ ಮೂಲ ಕಂಪನಿ ಹುಟ್ಟಿದ್ದು 1945ರಲ್ಲಿ. ನಮ್ಮೂರಲ್ಲಿ ಬೆಳಗ್ಗೆ ಬೆಳಗ್ಗೆ ಓರೆ ಮಾಡಿ, ಆಮೇಲೆ ಕಿಕ್ ಹೊಡೆದು ಸ್ಟಾರ್ಟ್ ಮಾಡುತ್ತಿದ್ದರಲ್ಲ, ಆ ಚೇತಕ್ ಬಂದದ್ದು 1972ರಲ್ಲಿ. ಆಗ ಕಂಪನಿ ನಡೆಸುತ್ತಿದ್ದ ರಾಹುಲ್ ಬಜಾಜ್ ಇವರ ಮೊಮ್ಮಗ.

ಇವರ ಊರು ಯಾವುದು?

ಹುಟ್ಟಿದ್ದು ರಾಜಸ್ಥಾನದ ಸೀಕರ್ ಹತ್ತಿರದ ಕಾಶಿ ಕಾ ಬಾಸ್ ಅನ್ನುವ ಹಳ್ಳಿಯಲ್ಲಿ, 1889ರ ನವೆಂಬರ್ 4ರಂದು. ಆಗ ಅದು ಜೈಪುರ ಸಂಸ್ಥಾನದ ಭಾಗ. ಹೆತ್ತವರಿಗೆ ಹೇಳಿಕೊಳ್ಳುವಂಥ ಅನುಕೂಲ ಇರಲಿಲ್ಲ. ಮಹಾರಾಷ್ಟ್ರದ ವರ್ಧಾದಲ್ಲಿ ನೆಲೆಸಿದ್ದ ಸೇಠ್ ಬಚ್ಛರಾಜ್ ಎಂಬ ಶ್ರೀಮಂತ ವ್ಯಾಪಾರಿ ಈ ಹುಡುಗನನ್ನು ಮೊಮ್ಮಗನಾಗಿ ದತ್ತು ತೆಗೆದುಕೊಂಡರು. ಹಾಗಾಗಿ ಬೆಳೆದದ್ದು, ವ್ಯಾಪಾರ ಮಾಡಿದ್ದು, ರಾಜಕೀಯ ಮಾಡಿದ್ದು ಎಲ್ಲ ವರ್ಧಾದಲ್ಲೇ.

ಎಷ್ಟು ಓದಿದ್ದರು?

ನಾಲ್ಕನೇ ಕ್ಲಾಸಿನವರೆಗೆ. ನೆಹರೂ, ಪಟೇಲ್, ರಾಜಾಜಿಯಂಥ ಬ್ಯಾರಿಸ್ಟರುಗಳು, ವಕೀಲರು ತುಂಬಿದ್ದ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯಲ್ಲಿ ಈ ಮನುಷ್ಯನೂ ಸಮಾನವಾಗಿ ಕೂತಿದ್ದರು. ಮಗ ಓದಲಿಲ್ಲ, ಮಂಡಿಯಲ್ಲೇ ಕೂತುಬಿಟ್ಟ ಅಂತ ಕೊರಗುವ ಅಪ್ಪಂದಿರಿಗೆ ಇದನ್ನು ನಾನು ಆಗಾಗ ಹೇಳುವುದುಂಟು.

ಆಸ್ತಿಯೇ ಬೇಡ ಅಂತ ಅಜ್ಜನಿಗೆ ಬರೆದುಕೊಟ್ಟಿದ್ದರಂತೆ, ಹೌದಾ?

ಹೌದು. ಇವರನ್ನು ಅರ್ಥ ಮಾಡಿಕೊಳ್ಳಲು ಈ ಪ್ರಸಂಗ ಗೊತ್ತಿರಲೇಬೇಕು.

ಆಗ ವಯಸ್ಸು ಹದಿನೇಳರ ಆಸುಪಾಸು. ಯಾವುದೋ ಮದುವೆಗೆ ಹೊರಡಬೇಕಿತ್ತು. ಒಡವೆ ಹಾಕಿಕೊಂಡು, ಮನೆತನಕ್ಕೆ ತಕ್ಕ ಹಾಗೆ ಬಾ ಅಂದರು ಅಜ್ಜ. ಹುಡುಗ ಒಪ್ಪಲಿಲ್ಲ. ಬಚ್ಛರಾಜ್ ಸಿಟ್ಟಿನವರು. ನನ್ನ ದುಡ್ಡಿನಲ್ಲಿ ಬದುಕುವವನು ನೀನು ಅನ್ನುವ ಅರ್ಥ ಬರುವಂತೆ ಬೈದರು. ಹುಡುಗ ಎದುರು ಮಾತಾಡಲಿಲ್ಲ. ಛಾಪಾ ಕಾಗದ ತಂದು ಬರೆದ: ನಿಮ್ಮ ಆಸ್ತಿಯ ಮೇಲೆ ಇವತ್ತಿನಿಂದ ನನಗೆ ಯಾವ ಹಕ್ಕೂ ಇಲ್ಲ, ಮೈಮೇಲಿರುವ ಬಟ್ಟೆ ಬಿಟ್ಟರೆ ಏನನ್ನೂ ಒಯ್ಯುತ್ತಿಲ್ಲ. ಬರೆದಿಟ್ಟು ಮನೆ ಬಿಟ್ಟ.

ಛಾಪಾ ಕಾಗದ ಅನ್ನುವುದನ್ನು ಗಮನಿಸಿ. ಬೇರೆ ಹುಡುಗ ಆಗಿದ್ದರೆ ಅಳುತ್ತಿದ್ದ, ಇಲ್ಲವೇ ಬಾಗಿಲು ಬಡಿದು ಹೋಗುತ್ತಿದ್ದ. ಇವನು ಸಿಟ್ಟು ಬಂದಾಗಲೂ ಕಾನೂನಿಗೆ ನಿಲ್ಲುವಂಥ ದಸ್ತಾವೇಜು ಮಾಡಿದ. ವ್ಯಾಪಾರಿಯ ರಕ್ತ ಅಂದರೆ ಅದು.

ಅಜ್ಜ ಆಮೇಲೆ ಸಮಾಧಾನ ಮಾಡಿ ವಾಪಸ್ ಕರೆಸಿಕೊಂಡರು. ಸ್ವಲ್ಪ ಕಾಲದಲ್ಲೇ ಅವರು ತೀರಿಕೊಂಡಾಗ ಆಸ್ತಿಯೆಲ್ಲ ಇವರಿಗೇ ಬಂತು. ಆದರೆ ಒಮ್ಮೆ ಬೇಡ ಅಂತ ಬರೆದುಕೊಟ್ಟದ್ದನ್ನು ಜಮನಾಲಾಲ್ ಮರೆಯಲಿಲ್ಲ. ಈ ದುಡ್ಡು ನನ್ನ ಕೈಯಲ್ಲಿ ಇದೆ, ನನ್ನ ಸುಖಕ್ಕೆ ಇರುವುದಲ್ಲ ಅನ್ನುವ ಭಾವನೆ ಅವರಿಗೆ ಕೊನೆತನಕ ಇತ್ತು. ಗಾಂಧಿ ಪರಿಚಯ ಆಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು.

ಏನು ವ್ಯಾಪಾರ? ಸೇಟು ಅಂದಮೇಲೆ ಬಡ್ಡಿ ವ್ಯವಹಾರ ಇದ್ದೇ ಇರುತ್ತಲ್ವಾ?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ಒಂದು ನಗು ಇರುತ್ತದೆ. ನಮ್ಮ ಕಡೆ ಸೇಟು ಅಂದರೆ ಗಿರವಿ ಅಂಗಡಿ ನೆನಪಾಗುತ್ತದೆ, ಇಲ್ಲವೇ ಅಡಿಕೆ ಖರೀದಿಗೆ ಬರುವ ಉತ್ತರದ ವ್ಯಾಪಾರಿ. ಬಚ್ಛರಾಜರ ಮನೆಯಲ್ಲಿ ಹತ್ತಿ ವ್ಯಾಪಾರವೂ ಇತ್ತು, ಸಾಲ ಕೊಡುವ ವ್ಯವಹಾರವೂ ಇತ್ತು. ಮುಚ್ಚಿಡುವಂಥದ್ದೇನಿಲ್ಲ. ವರ್ಧಾದ ಸುತ್ತ ಕರಿ ಮಣ್ಣು, ಎಲ್ಲಿ ನೋಡಿದರೂ ಹತ್ತಿ. ಅಲ್ಲಿಂದ ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಜಮನಾಲಾಲ್ ಈ ವ್ಯಾಪಾರವನ್ನು ಮುಂಬೈವರೆಗೆ ಬೆಳೆಸಿದರು.

ಅವರ ಹತ್ತಿಯ ಬಗ್ಗೆ ಜೀವನಚರಿತ್ರೆ ಬರೆದವರು ಒಂದು ಕತೆ ಹೇಳುತ್ತಾರೆ. ಬೇಲ್ ಕಟ್ಟುವ ಮೊದಲು ಹತ್ತಿಗೆ ನೀರು ಚಿಮುಕಿಸುವುದು ಆಗ ಮಾಮೂಲಿ. ತೂಕ ಬರುತ್ತದಲ್ಲ! ಜಮನಾಲಾಲ್ ಅದನ್ನು ತಮ್ಮಲ್ಲಿ ನಿಲ್ಲಿಸಿದರು. ಮೊದಮೊದಲು ನಷ್ಟ ಆದರೂ ಬರಬರುತ್ತಾ ಅವರ ಬೇಲ್‌ಗೆ ಜಾಸ್ತಿ ಬೆಲೆ ಸಿಗತೊಡಗಿತಂತೆ.

ಇದನ್ನು ಹೇಳಿದಾಗ ನಮ್ಮ ಮಂಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ರಾಶಿ ಅಡಿಕೆಯ ಚೀಲಕ್ಕೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಕುಲುಕುವುದು ಇಲ್ಲಿ ದಿನದ ಕೆಲಸ. ಚೆನ್ನಾಗಿ ಒಣಗಿದ್ದರೆ ಗಲಗಲ ಅನ್ನುತ್ತದೆ. ತೇವ ಇದ್ದರೆ ಮಂಕಾಗಿ ಸದ್ದು ಮಾಡುತ್ತದೆ. ಕತ್ತರಿಯಲ್ಲಿ ಸೀಳಿದರೆ ಉಳಿದದ್ದೂ ಗೊತ್ತಾಗುತ್ತದೆ. ಚೀಲದ ಬಾಯಲ್ಲಿ ಒಳ್ಳೆಯದು, ತಳದಲ್ಲಿ ಹಸಿ ಹಾಕುವವರು ಇದ್ದಾರೆ. ಇದು ಬೆಳೆಗಾರರಿಗೂ ಗೊತ್ತು, ದಲ್ಲಾಳಿಗಳಿಗೂ ಗೊತ್ತು. ಹಾಗಾಗಿ ವರ್ಧಾದ ಕತೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ರಾಜಕೀಯಕ್ಕೆ ಬಂದದ್ದು ಹೇಗೆ?

ಮೊದಲು ಆಕರ್ಷಿಸಿದ್ದು ತಿಲಕರು. ಹುಡುಗನಾಗಿದ್ದಾಗ ಜಮನಾಲಾಲರಿಗೆ ಕೈಖರ್ಚಿಗೆ ದಿನಕ್ಕೆ ಒಂದು ರೂಪಾಯಿ ಸಿಗುತ್ತಿತ್ತು. ತಿಲಕರ ಕೇಸರಿ ಪತ್ರಿಕೆಯ ಹಿಂದಿ ಆವೃತ್ತಿ ಶುರುವಾಗುವಾಗ ಅದರಲ್ಲಿ ಉಳಿಸಿದ ನೂರು ರೂಪಾಯಿ ಕಳಿಸಿದರು. ಮುಂದೆ ಲಕ್ಷಗಟ್ಟಲೆ ಕೊಟ್ಟಾಗಲೂ ಆ ನೂರರಷ್ಟು ಖುಷಿ ಆಗಲಿಲ್ಲ ಅಂತ ಹೇಳಿಕೊಳ್ಳುತ್ತಿದ್ದರಂತೆ.

ಗಾಂಧಿ ಆಫ್ರಿಕಾದಿಂದ ಬಂದದ್ದು 1915ರಲ್ಲಿ. ಜಮನಾಲಾಲ್ ಅಹಮದಾಬಾದಿನ ಆಶ್ರಮಕ್ಕೆ ಹೋಗಿ ಬಂದು ಮಾಡತೊಡಗಿದರು. ಒಮ್ಮೆಗೇ ಮಾರುಹೋಗಲಿಲ್ಲ. ಈ ಮನುಷ್ಯ ಹೇಳಿದಂತೆ ನಡೆಯುತ್ತಾನಾ ಅಂತ ಹತ್ತಿರದಿಂದ ಕೆಲವು ವರ್ಷ ನೋಡಿದರು. ಸಾಲ ಕೊಡುವ ಮೊದಲು ಆಸಾಮಿಯ ಪೂರ್ವಾಪರ ವಿಚಾರಿಸುವ ಅಭ್ಯಾಸ ಇಲ್ಲೂ ಕೆಲಸ ಮಾಡಿರಬೇಕು.

1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸ್ವಾಗತ ಸಮಿತಿಯ ಅಧ್ಯಕ್ಷರು ಜಮನಾಲಾಲ್. ಅಸಹಕಾರ ಚಳವಳಿಗೆ ಒಪ್ಪಿಗೆ ಸಿಕ್ಕಿದ್ದು ಅಲ್ಲಿಯೇ. ನಾಲ್ಕಾಣೆ ಕೊಟ್ಟರೆ ಯಾರು ಬೇಕಾದರೂ ಕಾಂಗ್ರೆಸ್ ಸದಸ್ಯರಾಗಬಹುದು ಅನ್ನುವ ನಿಯಮ ಬಂದದ್ದೂ ಅಲ್ಲಿಯೇ. ವ್ಯಾಪಾರಿ ರಾಷ್ಟ್ರ ರಾಜಕಾರಣಿ ಆದದ್ದು ಅಲ್ಲಿಂದ ಮುಂದೆ.

ಗಾಂಧೀಜಿಯ ಐದನೇ ಮಗ ಅನ್ನುತ್ತಾರಲ್ಲ, ಯಾಕೆ?

ಅದೇ ನಾಗಪುರದಲ್ಲಿ ಇವರು ಗಾಂಧಿ ಹತ್ತಿರ ಹೋಗಿ, ನನ್ನನ್ನು ನಿಮ್ಮ ಐದನೇ ಮಗ ಅಂತ ಒಪ್ಪಿಕೊಳ್ಳಿ ಅಂತ ಕೇಳಿದರು. ಗಾಂಧಿಗೆ ನಾಲ್ವರು ಗಂಡುಮಕ್ಕಳು ಇದ್ದರು. ಒಪ್ಪಿಕೊಂಡರು. ಸಾಮಾನ್ಯವಾಗಿ ಅಪ್ಪ ಮಗನನ್ನು ದತ್ತು ತೆಗೆದುಕೊಳ್ಳುತ್ತಾನೆ. ಇಲ್ಲಿ ಮೂವತ್ತು ದಾಟಿದ ಸಾಹುಕಾರ ಅಪ್ಪನನ್ನು ಆರಿಸಿಕೊಂಡ. ಮೊದಲ ಸಲ ದತ್ತು ಹೋದಾಗ ಇವರನ್ನು ಯಾರೂ ಕೇಳಿರಲಿಲ್ಲ, ನೋಡಿ.

ರಾಯ್ ಬಹದ್ದೂರ್ ಬಿರುದು ಏನಾಯಿತು?

ಸರ್ಕಾರ ಕೊಟ್ಟಿದ್ದನ್ನು 1921ರಲ್ಲಿ ವಾಪಸ್ ಮಾಡಿದರು. ಗೌರವ ಮ್ಯಾಜಿಸ್ಟ್ರೇಟ್ ಹುದ್ದೆಯನ್ನೂ ಬಿಟ್ಟರು. ವ್ಯಾಪಾರಸ್ಥನಿಗೆ ಬಿರುದು ಅಂದರೆ ಗೋಡೆಗೆ ನೇತುಹಾಕುವ ಸರ್ಟಿಫಿಕೇಟ್ ಮಾತ್ರ ಅಲ್ಲ. ಕಚೇರಿಯಲ್ಲಿ ಕೆಲಸ ಆಗುತ್ತದೆ, ಬ್ಯಾಂಕಿನಲ್ಲಿ ಕುರ್ಚಿ ಹಾಕುತ್ತಾರೆ. ಅದನ್ನು ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ.

ಎಂಪಿ ಆಗಿದ್ದರಾ? ಮಂತ್ರಿ?

ಎರಡೂ ಇಲ್ಲ. ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸದಸ್ಯ, ಪಕ್ಷದ ಖಜಾಂಚಿ. ಅಷ್ಟೇ. ಆದರೆ ಆ ಕಾಲದಲ್ಲಿ ದೇಶದ ರಾಜಕೀಯ ನಡೆಯುತ್ತಿದ್ದುದೇ ಆ ಸಮಿತಿಯಲ್ಲಿ.

ಖಜಾಂಚಿ ಅಂದರೆ ಸುಮ್ನೆ ದುಡ್ಡು ಎಣಿಸುವ ಕೆಲಸ ಅಲ್ವಾ?

ಲೆಕ್ಕ ಬರೆಯುವವನಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಉದ್ದ ಆಗುತ್ತದೆ.

1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಎತ್ತಬೇಕು ಅಂತ ಕಾಂಗ್ರೆಸ್ ತೀರ್ಮಾನಿಸಿತು. ಜೂನ್ 30ರ ಗಡುವು. ಹಣ ಕೂಡಿತು. ಜಮನಾಲಾಲ್ ತಮ್ಮ ಕೈಯಿಂದ 1 ಲಕ್ಷ ಕೊಟ್ಟರು, ಅಸಹಕಾರಕ್ಕಾಗಿ ಕೋರ್ಟು ಬಿಟ್ಟ ವಕೀಲರ ಮನೆ ನಡೆಯಲಿ ಅಂತ. ಭಾಷಣ ಮಾಡುವವರು ವಕೀಲಿ ಬಿಡಿ ಅಂತ ಹೇಳಿ ಹೋಗುತ್ತಾರೆ. ಬಿಟ್ಟವನ ಮನೆಯಲ್ಲಿ ತಿಂಗಳ ಮೊದಲ ವಾರ ಏನಾಗುತ್ತದೆ ಅಂತ ಯೋಚನೆ ಮಾಡುವವರು ಯಾರು? ಸಂಬಳ ಬಟವಾಡೆ ಮಾಡಿ ಗೊತ್ತಿರುವವರೇ ಮಾಡಬೇಕು.

1923ರಲ್ಲಿ ಇವರು ಗಾಂಧಿ ಸೇವಾ ಸಂಘ ಕಟ್ಟಿದ್ದೂ ಇದೇ ಕಾರಣಕ್ಕೆ. ಖಾದಿ, ಶಿಕ್ಷಣ, ಅಸ್ಪೃಶ್ಯತೆ ನಿವಾರಣೆ ಅಂತ ಪೂರ್ತಿ ಸಮಯ ದುಡಿಯುವ ಕಾರ್ಯಕರ್ತರಿಗೆ ಜೀವನ ನಡೆಯುವಷ್ಟು ಹಣ ಕೊಡುವ ವ್ಯವಸ್ಥೆ. 1925ರಲ್ಲಿ ಖಾದಿ ಕೆಲಸಕ್ಕೆ ಅಂತ ಅಖಿಲ ಭಾರತ ಚರಕಾ ಸಂಘ ಶುರುವಾಯಿತು. ಗಾಂಧಿ ಅಧ್ಯಕ್ಷ, ಖಜಾಂಚಿ ಮತ್ತೆ ಇವರೇ.

ಬೇರೆಯವರ ದುಡ್ಡು ಇಟ್ಟುಕೊಳ್ಳುವುದು ಒಂದು ವಿದ್ಯೆ. ಮಂಡಿಯಲ್ಲಿ ಬೆಳೆಗಾರ ಅಡಿಕೆ ಇಳಿಸಿ, ಮಗಳ ಮದುವೆಗೆ ಅಂತ ಮುಂಗಡ ತೆಗೆದುಕೊಂಡು ಹೋಗುತ್ತಾನೆ. ಆರು ತಿಂಗಳ ನಂತರ ಬಂದು ಲೆಕ್ಕ ಕೇಳಿದಾಗ ಪುಸ್ತಕ ತೆರೆದು ತೋರಿಸಬೇಕು. ಒಂದೇ ಒಂದು ಸಲ ಪುಸ್ತಕ ತೆರೆಯಲು ತಡಬಡಾಯಿಸಿದರೆ ಸಾಕು, ಮುಂದಿನ ವರ್ಷ ಅವನ ಅಡಿಕೆ ಪಕ್ಕದ ಮಂಡಿಗೆ ಹೋಗುತ್ತದೆ. ಸುಮಾರು ಇಪ್ಪತ್ತು ವರ್ಷ, ಕೊನೆಯ ದಿನದವರೆಗೂ ಕಾಂಗ್ರೆಸ್ ತನ್ನ ಗಂಟನ್ನು ಒಬ್ಬರ ಕೈಯಲ್ಲೇ ಇಟ್ಟಿತ್ತು ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ಜನ ಇವರನ್ನು ದಾನಿ ಅಂತ ಹೊಗಳುತ್ತಾರೆ. ನನಗೆ ಇವರು ಅದಕ್ಕಿಂತ ಹೆಚ್ಚಾಗಿ ಒಬ್ಬ ಒಳ್ಳೆಯ ಲೆಕ್ಕದ ಮನುಷ್ಯ. ವ್ಯಾಪಾರ ಬಿಟ್ಟು ರಾಜಕೀಯಕ್ಕೆ ಹೋದವರಲ್ಲ ಇವರು. ವ್ಯಾಪಾರದ ಒಳ್ಳೆಯ ಅಭ್ಯಾಸಗಳನ್ನು ರಾಜಕೀಯದೊಳಗೆ ತಂದವರು.

ಜೈಲಿಗೆ ಹೋಗಿದ್ದರಾ?

ಒಂದು ಸಲ ಅಲ್ಲ, ಹಲವು ಸಲ. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ. ತ್ರಿವರ್ಣ ಧ್ವಜ ಹಿಡಿದು ಸಿವಿಲ್ ಲೈನ್ಸ್ ಕಡೆ ಮೆರವಣಿಗೆ ಹೋಗಬಾರದು ಅಂತ ಸರ್ಕಾರ ಹೇಳಿತು. ಹೋಗಿಯೇ ಹೋಗುತ್ತೇವೆ ಅಂತ ಇವರು ಮುಂದೆ ನಿಂತರು. ಇವರನ್ನು ಹಿಡಿದು ಹಾಕಿದ ಮೇಲೆ ಸರ್ದಾರ್ ಪಟೇಲ್ ಬಂದು ಚಳವಳಿ ಮುಂದುವರಿಸಿದರು.

ಇದರಲ್ಲಿ ಕರ್ನಾಟಕದ ಪಾಲೂ ಇದೆ. ಹುಬ್ಬಳ್ಳಿಯಿಂದ ನಾ. ಸು. ಹರ್ಡೀಕರ್ ಅವರ ಸ್ವಯಂಸೇವಕರು ನಾಗಪುರಕ್ಕೆ ಹೋಗಿ ಜೈಲು ಸೇರಿದರು. ಕ್ಷಮೆ ಕೇಳಿ ಬಿಡುಗಡೆ ಆಗುವುದಕ್ಕೆ ಅವರು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿದ್ದು ಈ ಅನುಭವದ ಮೇಲೆ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈನ ವಿಲೆ ಪಾರ್ಲೆ ಶಿಬಿರದಲ್ಲಿ ಇದ್ದರು, ಮತ್ತೆ ಜೈಲು. ಗಾಂಧಿ ಒಬ್ಬೊಬ್ಬರನ್ನೇ ಆರಿಸಿ ಕಳಿಸಿದ 1940ರ ವೈಯಕ್ತಿಕ ಸತ್ಯಾಗ್ರಹದಲ್ಲೂ ಜೈಲು. ನಡುವೆ ಜೈಪುರದ್ದು ಒಂದು, ಅದಕ್ಕೆ ಬೇರೆಯೇ ಪ್ರಶ್ನೆ ಇದೆ.

ಹೆಂಡತಿ ಇದಕ್ಕೆಲ್ಲ ಒಪ್ಪಿದರಾ?

ಈ ಪ್ರಶ್ನೆ ಹೆಣ್ಣುಮಕ್ಕಳೇ ಕೇಳುವುದು. ಕೇಳಬೇಕಾದ್ದೇ.

ಜಾನಕಿದೇವಿಗೆ ಮದುವೆಯಾದಾಗ ಇನ್ನೂ ಪುಟ್ಟ ಹುಡುಗಿ. ಶ್ರೀಮಂತ ಮಾರ್ವಾಡಿ ಮನೆಯ ಸೊಸೆ. ಮೈತುಂಬ ಚಿನ್ನ, ಮುಖದ ಮೇಲೆ ಸೆರಗು. ಗಂಡ ಹೇಳಿದ ಮೇಲೆ ಚಿನ್ನ ತೆಗೆದಿಟ್ಟರು. ಕೆಲವು ವರ್ಷ ಕಳೆದ ಮೇಲೆ ಪರ್ದಾ ಬಿಟ್ಟರು. ವಿದೇಶಿ ಬಟ್ಟೆ ಸುಡುವ ಕಾಲ ಬಂದಾಗ ಮನೆಯ ರೇಷ್ಮೆ, ಜರತಾರಿ ಎಲ್ಲವನ್ನೂ ಬೆಂಕಿಗೆ ಹಾಕಿ ಖಾದಿ ಉಟ್ಟರು. ಗಂಡನ ಮಾತಿಗೆ ಕಟ್ಟುಬಿದ್ದು ಮಾಡಿದ್ದು ಎಷ್ಟು, ತಾವೇ ಇಷ್ಟಪಟ್ಟು ಮಾಡಿದ್ದು ಎಷ್ಟು ಅನ್ನುವ ಅನುಮಾನ ನನಗೂ ಇತ್ತು. ಆದರೆ ಗಂಡ ಹೋದ ಮೇಲಿನ ಅವರ ಬದುಕು ನೋಡಿ. ಅರಮನೆಯಂಥ ಮನೆಗೆ ವಾಪಸ್ ಹೋಗಲಿಲ್ಲ. ಗಾಂಧಿಯ ಶಿಷ್ಯ ವಿನೋಬಾ ಭಾವೆ ಜೊತೆ ಭೂದಾನಕ್ಕೆ, ಅಂದರೆ ಭೂಮಿ ಇಲ್ಲದವರಿಗಾಗಿ ಭೂಮಿ ದಾನ ಕೇಳಲು, ಊರೂರು ಸುತ್ತಿದರು. ಬಾವಿ ತೋಡಿಸಲು ದಾನ ಎತ್ತುವ ಕೂಪದಾನಕ್ಕೆ ನಿಂತರು. 1956ರಲ್ಲಿ ಪದ್ಮವಿಭೂಷಣ ಬಂತು. 1979ರವರೆಗೆ ಬದುಕಿದ್ದರು. ಗಂಡನಿಗಿಂತ 37 ವರ್ಷ ಹೆಚ್ಚಿಗೆ ಅದೇ ದಾರಿಯಲ್ಲಿ ನಡೆದವರನ್ನು ಬರೀ ಗಂಡ ಹೇಳಿದ್ದಕ್ಕೆ ನಡೆದರು ಅನ್ನಲು ಆಗುವುದಿಲ್ಲ.

ದೇವಸ್ಥಾನದ ಗಲಾಟೆ ಏನು?

ವರ್ಧಾದಲ್ಲಿ ಇವರ ಮನೆತನದ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ. 1928ರ ಜುಲೈನಲ್ಲಿ ಅದನ್ನು ದಲಿತರಿಗೆ ತೆರೆದರು. ದೇವಸ್ಥಾನ ಪ್ರವೇಶಕ್ಕಾಗಿ ಕೇರಳದಲ್ಲಿ ನಡೆದ ಗುರುವಾಯೂರು ಸತ್ಯಾಗ್ರಹಕ್ಕೆ ಮೂರು ವರ್ಷ ಮೊದಲು, ತಿರುವಾಂಕೂರು ಮಹಾರಾಜರು ದೇವಸ್ಥಾನ ತೆರೆಯುವುದಕ್ಕೆ ಎಂಟು ವರ್ಷ ಮೊದಲು. ಬಾವಿಗಳನ್ನೂ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು.

ವ್ಯಾಪಾರದ ಜಾತಿಯಲ್ಲಿ ಬಹಿಷ್ಕಾರ ಅಂದರೆ ಊಟಕ್ಕೆ ಕರೆಯದೇ ಇರುವುದು ಮಾತ್ರ ಅಲ್ಲ. ಮಕ್ಕಳ ಮದುವೆ, ಕೈಗಡ, ಹುಂಡಿ (ವ್ಯಾಪಾರಿಗಳ ಹಣ ಪಾವತಿಯ ಚೀಟಿ), ಎಲ್ಲ ಆ ನೆಂಟಸ್ತಿಕೆಯ ಮೇಲೇ ನಿಂತಿರುತ್ತದೆ. ಗೊತ್ತಿದ್ದೂ ಮಾಡಿದರು. ಜೈಲಿಗೆ ಹೋದದ್ದಕ್ಕಿಂತ ಇದು ಕಷ್ಟದ ಕೆಲಸ ಅಂತ ನನ್ನ ಎಣಿಕೆ. ಜೈಲಿನಿಂದ ಬಂದವನಿಗೆ ಹಾರ ಹಾಕುತ್ತಾರೆ. ಇದಕ್ಕೆ ಯಾರು ಹಾಕುತ್ತಾರೆ?

ಗಾಂಧೀಜಿ ವರ್ಧಾಕ್ಕೆ ಬಂದದ್ದು ಇವರಿಂದಲೇನಾ?

ಹೌದು. ಸಾಬರಮತಿಯಂಥ ಆಶ್ರಮ ವರ್ಧಾದಲ್ಲೂ ಬೇಕು ಅಂತ ಹಠ ಹಿಡಿದವರು ಇವರು. ಅದಕ್ಕಾಗಿ 1921ರ ಏಪ್ರಿಲ್‌ನಲ್ಲಿ ಗಾಂಧಿ ವಿನೋಬಾ ಭಾವೆಯನ್ನು ಕಳಿಸಿದರು. ಸ್ವತಃ ಗಾಂಧಿ ಬಂದು ನಿಂತದ್ದು 1934ರ ಹೊತ್ತಿಗೆ. ಜಮನಾಲಾಲ್ ಬಿಟ್ಟುಕೊಟ್ಟ ತೋಟದ ಮನೆ ಮಗನವಾಡಿ ಆಯಿತು. ಅಲ್ಲಿ ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ. ಸಿ. ಕುಮಾರಪ್ಪನವರ ಗ್ರಾಮೋದ್ಯೋಗ ಸಂಘ ಕೆಲಸ ಶುರು ಮಾಡಿತು. 1936ರಲ್ಲಿ ಗಾಂಧಿ ಹತ್ತಿರದ ಸೇಗಾಂವ್ ಎಂಬ ಹಳ್ಳಿಗೆ ಹೋದರು. ಆ ಹಳ್ಳಿಯ ಮಾಲ್ಗುಜಾರ, ಅಂದರೆ ಹೆಚ್ಚಿನ ಭೂಮಿಯ ಒಡೆಯ, ಜಮನಾಲಾಲ್. ಮುಂದೆ ಅದಕ್ಕೇ ಸೇವಾಗ್ರಾಮ ಅಂತ ಹೆಸರಾಯಿತು.

ಆಮೇಲೆ ವರ್ಧಾ ಅನ್ನುವ ಸಣ್ಣ ಊರು ಕಾಂಗ್ರೆಸ್ಸಿನ ರಾಜಧಾನಿಯೇ ಆಗಿಬಿಟ್ಟಿತು. ನೆಹರೂ, ಪಟೇಲ್, ರಾಜೇಂದ್ರ ಪ್ರಸಾದ್, ಆಜಾದ್ ಎಲ್ಲರಿಗೂ ಇಳಿದುಕೊಳ್ಳುವ ಜಾಗ ಬಜಾಜ್‌ವಾಡಿ. ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್ 1934ರಲ್ಲಿ ಇವರ ಅತಿಥಿಯಾಗಿ ಇದ್ದಾಗಲೇ ಪೊಲೀಸರು ಬಂದು ಹಿಡಿದರು.

ಜೈಪುರದಲ್ಲಿ ಏನಾಯಿತು?

ಮಲೆನಾಡಿನವರಿಗೆ ಬೇಗ ಅರ್ಥ ಆಗುವ ಕತೆ ಇದು. ಯಾಕೆಂದರೆ ನಮ್ಮ ಶಿವಮೊಗ್ಗವೂ ಆಗ ಮೈಸೂರು ಸಂಸ್ಥಾನದಲ್ಲಿತ್ತು. ರಾಜರ ಆಳ್ವಿಕೆ ಇದ್ದ ಕಡೆ ಹೋರಾಟ ಬೇರೆ ತರಹ. ಮೈಸೂರಿನಲ್ಲಿ ಎದುರಿಗೆ ಇದ್ದದ್ದು ಬಿಳಿಯರಲ್ಲ, ನಮ್ಮದೇ ದಿವಾನರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಹಾರಿಸಲು ಮೈಸೂರು ಕಾಂಗ್ರೆಸ್ಸಿನವರು ಸತ್ಯಾಗ್ರಹ ಮಾಡಬೇಕಾಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು.

ಅದೇ 1938ರಲ್ಲಿ ಜಮನಾಲಾಲ್ ಜೈಪುರ ಪ್ರಜಾಮಂಡಲದ, ಅಂದರೆ ಸಂಸ್ಥಾನದ ಪ್ರಜೆಗಳ ಹಕ್ಕಿಗಾಗಿ ಇದ್ದ ಸಂಘಟನೆಯ, ಅಧ್ಯಕ್ಷರಾಗಿದ್ದರು. ಬರ ಪರಿಹಾರದ ಕೆಲಸಕ್ಕೆ ಅಂತ ವರ್ಷದ ಕೊನೆಯಲ್ಲಿ ಹೊರಟರೆ ಸಂಸ್ಥಾನದೊಳಗೆ ಕಾಲಿಡಬೇಡಿ ಅಂತ ಆಜ್ಞೆ ಬಂತು. ಹುಟ್ಟಿದ ನೆಲಕ್ಕೆ ಪ್ರವೇಶ ಇಲ್ಲ! 1939ರ ಫೆಬ್ರುವರಿಯಲ್ಲಿ ಆಜ್ಞೆ ಮುರಿದರು. ಹಿಡಿದು ಗಡಿಯಾಚೆ ಬಿಟ್ಟರು, ಮತ್ತೆ ಬಂದರು. ಕೊನೆಗೆ ಬಂಧನದಲ್ಲೇ ಇಟ್ಟರು. ಬಿಡುಗಡೆ ಆದದ್ದು ಆಗಸ್ಟ್‌ನಲ್ಲಿ.

ಇವರಿಗೂ ನಮ್ಮ ಮಲೆನಾಡಿಗೂ ಏನಾದರೂ ಸಂಬಂಧ ಇದೆಯಾ?

ಲೆಕ್ಕದ ಪುಸ್ತಕದ ಮೂಲಕ ಇದೆ. 1927ರ ಆಗಸ್ಟ್‌ನಲ್ಲಿ ಗಾಂಧಿ ಖಾದಿ ಪ್ರವಾಸ ಮಾಡುತ್ತಾ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬಂದರು. ಮಳೆಗಾಲ. ನಮ್ಮ ಹಳ್ಳಿಯವರು, ಪೇಟೆಯವರು ಖಾದಿ ನಿಧಿಗೆ ದುಡ್ಡು ಹಾಕಿದರು. ಆ ನಿಧಿ ಚರಕಾ ಸಂಘದ್ದು. ಸಂಘದ ಖಜಾಂಚಿ ಯಾರು ಅಂತ ಆಗಲೇ ಹೇಳಿದೆನಲ್ಲ.

ಇನ್ನೊಂದಿದೆ. 1942ರ ಜುಲೈ 14ರಂದು ವರ್ಧಾದಲ್ಲಿ ಕಾರ್ಯಕಾರಿ ಸಮಿತಿ ಬ್ರಿಟಿಷರು ಹೋಗಲಿ ಅನ್ನುವ ನಿರ್ಣಯ ಮಾಡಿತು. ಆಗಸ್ಟ್‌ನಲ್ಲಿ ಅದು ಮುಂಬೈಯಲ್ಲಿ ಕ್ವಿಟ್ ಇಂಡಿಯಾ ಆಯಿತು. ಸೆಪ್ಟೆಂಬರಿಗೆ ಶಿಕಾರಿಪುರ ತಾಲ್ಲೂಕಿನ ಈಸೂರು ತಾನೇ ಸ್ವತಂತ್ರ ಅಂತ ಸಾರಿಕೊಂಡಿತು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೆ ಹಾಕಿದರು. ಇದನ್ನೆಲ್ಲ ನೋಡಲು ಜಮನಾಲಾಲ್ ಇರಲಿಲ್ಲ. ವರ್ಧಾದ ಆ ಸಭೆಗೆ ಐದು ತಿಂಗಳು ಮೊದಲೇ ಹೋಗಿಬಿಟ್ಟಿದ್ದರು.

ಟ್ರಸ್ಟಿಶಿಪ್ ಅನ್ನುವುದು ನಡೆಯುವ ಮಾತಾ?

ಶ್ರೀಮಂತ ತನ್ನ ಆಸ್ತಿಗೆ ತಾನು ಮಾಲೀಕ ಅಂದುಕೊಳ್ಳಬಾರದು, ಸಮಾಜದ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಅಂದುಕೊಳ್ಳಬೇಕು. ಗಾಂಧಿಯ ಈ ವಿಚಾರಕ್ಕೆ ಟ್ರಸ್ಟಿಶಿಪ್ ಅನ್ನುತ್ತಾರೆ. ಅದರ ಬಗ್ಗೆ ಬರೆಯುವಾಗಲೆಲ್ಲ ತಮ್ಮ ಮನಸ್ಸಿನಲ್ಲಿ ಮುಖ್ಯವಾಗಿ ಇರುತ್ತಿದ್ದವರು ಜಮನಾಲಾಲ್ ಅಂತ ಇವರು ತೀರಿಕೊಂಡಾಗ ಗಾಂಧಿಯೇ ಬರೆದರು.

ಇಲ್ಲಿ ನನಗೆ ಒಂದು ತಕರಾರು ಇದೆ. ಜಮನಾಲಾಲ್ ಒಬ್ಬರೇ. ಒಬ್ಬ ಒಳ್ಳೆಯ ಸಾಹುಕಾರನನ್ನು ತೋರಿಸಿ, ಎಲ್ಲ ಸಾಹುಕಾರರೂ ಹೀಗೆ ಆಗುತ್ತಾರೆ ಅಂತ ಕಾಯುತ್ತಾ ಕೂತರೆ ಆಗುತ್ತದಾ? ಸಾಗರ ತಾಲ್ಲೂಕಿನ ಕಾಗೋಡಿನವರನ್ನು ಕೇಳಬೇಕು. ಅಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಬಗ್ಗೆಯೇ ಜಗಳ. ಒಡೆಯರ ಕೊಳಗ ದೊಡ್ಡದು ಅಂತ ಗೇಣಿದಾರರ ದೂರು. 1951ರಲ್ಲಿ ಸತ್ಯಾಗ್ರಹ ಆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರು ಬೆಳೆದು ಬಂದದ್ದು ಆ ಹೋರಾಟದಲ್ಲಿ. ಅದೇ 1951ರಲ್ಲಿ ಜಮನಾಲಾಲರ ಗೆಳೆಯ ವಿನೋಬಾ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನ ಶುರು ಮಾಡಿದ್ದರು. ಎರಡು ದಾರಿ, ಒಂದೇ ವರ್ಷ.

ಮಲೆನಾಡಿನ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ದಾನದಿಂದ ಅಲ್ಲ. 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಕಾಲದ ಭೂ ಸುಧಾರಣಾ ತಿದ್ದುಪಡಿಯಿಂದ, ಡಿಕ್ಲರೇಷನ್ ಅರ್ಜಿ ಹಾಕಿ, ಟ್ರಿಬ್ಯುನಲ್ ಮುಂದೆ ನಿಂತು. ಒಡೆಯರಲ್ಲೂ ಒಳ್ಳೆಯವರು ಇದ್ದರು. ಆದರೆ ಒಳ್ಳೆಯವರು ಇದ್ದಾರೆ ಅಂತ ಕಾನೂನು ಬೇಡ ಅನ್ನಲು ಆಗುವುದಿಲ್ಲ. ಜಮನಾಲಾಲರನ್ನು ಎಷ್ಟು ಗೌರವಿಸಿದರೂ ಈ ಮಾತು ಹೇಳಲೇಬೇಕು.

ರಾಜಕೀಯದಿಂದ ಅವರ ವ್ಯಾಪಾರಕ್ಕೆ ಲಾಭ ಆಯಿತಾ?

ಮಂಡಿಯಲ್ಲಿ ಎಲ್ಲರಿಗೂ ನಿಜವಾಗಿ ಬೇಕಾದ ಪ್ರಶ್ನೆ ಇದೇ. ಉಳಿದವು ಪೀಠಿಕೆ.

ವ್ಯಾಪಾರ ಅವರು ಬಿಡಲಿಲ್ಲ. 1931ರಲ್ಲಿ ಉತ್ತರ ಪ್ರದೇಶದ ಗೋಲಾ ಗೋಕರ್ಣನಾಥದಲ್ಲಿ ಸಕ್ಕರೆ ಕಾರ್ಖಾನೆ ಹಾಕಿದರು. 1930ರ ದಶಕದ ಕೊನೆಗೆ ಮುಕುಂದ್ ಉಕ್ಕಿನ ಕಂಪನಿಗೆ ಕೈ ಹಾಕಿದರು. ಜೈಲಿಗೆ ಹೋಗಿ ಬರುವ ನಡುವೆಯೇ ಇಷ್ಟು. ಹಾಗಾಗಿ ಎಲ್ಲ ತ್ಯಾಗ ಮಾಡಿದ ಸನ್ಯಾಸಿ ಅಂತ ಯಾರಾದರೂ ಬಣ್ಣಿಸಿದರೆ ನಂಬಬೇಡಿ. ಆಸ್ತಿ ಮಕ್ಕಳಿಗೇ ಹೋಯಿತು, ದೊಡ್ಡ ಉದ್ಯಮವೂ ಆಯಿತು.

ಆದರೆ ಆಗ ಕಾಂಗ್ರೆಸ್ಸಿನ ಕೈಯಲ್ಲಿ ಕೊಡಲು ಏನಿತ್ತು? ಟೆಂಡರ್ ಇರಲಿಲ್ಲ, ಲೈಸೆನ್ಸ್ ಇರಲಿಲ್ಲ. ಕೊಡುವ ಕೈ ಸರ್ಕಾರದ್ದು, ಇವರು ಅದರ ವಿರುದ್ಧ. ಲಾಭಕ್ಕೆ ಬರುವವನು ಹಿಡಿಯುವ ದಾರಿ ಅದಲ್ಲ. ಒಂದು ಮಾತ್ರ ಸಿಕ್ಕಿತು: ನಂಬಿಕೆ. ಬಜಾಜ್ ಅನ್ನುವ ಹೆಸರಿಗೆ ಒಂದು ತೂಕ ಬಂತು. ಅದು ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಬಡ್ಡಿ ಸಮೇತ ಬಂದಿದೆ. ಅದನ್ನು ಲಾಭ ಅನ್ನುವುದಾದರೆ ಲಾಭವೇ.

ಕೊನೆಗಾಲ ಹೇಗಿತ್ತು?

1941ರಲ್ಲಿ ಜೈಲಿನಿಂದ ಬಂದಾಗ ಆರೋಗ್ಯ ಕೆಟ್ಟಿತ್ತು. ರಾಜಕೀಯದ ಗಡಿಬಿಡಿ ಸಾಕಾಗಿತ್ತು. ಗೋಸೇವಾ ಸಂಘದ ಕೆಲಸ ಹಿಡಿದು, ವರ್ಧಾ ಹತ್ತಿರ ಗೋಪುರಿಯಲ್ಲಿ ಗುಡಿಸಲು ಹಾಕಿಕೊಂಡು ದನಗಳ ನಡುವೆ ಇದ್ದರು. 1942ರ ಫೆಬ್ರುವರಿ 11ರಂದು ಮಿದುಳಿನ ರಕ್ತಸ್ರಾವದಿಂದ ಇದ್ದಕ್ಕಿದ್ದಂತೆ ತೀರಿಕೊಂಡರು. 52 ವರ್ಷ.

ಮಕ್ಕಳು ರಾಜಕೀಯಕ್ಕೆ ಬಂದರಾ?

ಹಿರಿಮಗ ಕಮಲನಯನ್ ವರ್ಧಾದಿಂದ 1957, 1962, 1967ರಲ್ಲಿ ಲೋಕಸಭೆಗೆ ಗೆದ್ದರು. ಕಿರಿಯ ಮಗ ರಾಮಕೃಷ್ಣ ಉದ್ಯಮ ನೋಡಿಕೊಂಡರು. ಮಗಳು ಮದಾಲಸಾ ಅವರ ಗಂಡ ಶ್ರೀಮನ್ನಾರಾಯಣ್ ಮುಂದೆ ಗುಜರಾತಿನ ರಾಜ್ಯಪಾಲರಾದರು. ಮೊಮ್ಮಗ ರಾಹುಲ್ 2006ರಿಂದ 2010ರವರೆಗೆ ರಾಜ್ಯಸಭೆಯಲ್ಲಿ ಇದ್ದರು. ರಚನಾತ್ಮಕ ಕೆಲಸ ಮಾಡುವವರಿಗೆ 1978ರಿಂದ ಜಮನಾಲಾಲ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದಾರೆ. ಮುಂಬೈಯಲ್ಲಿ ಅವರ ಹೆಸರಿನ ಮ್ಯಾನೇಜ್‌ಮೆಂಟ್ ಕಾಲೇಜು 1965ರಿಂದ ಇದೆ. ನಾಲ್ಕನೇ ಕ್ಲಾಸು ಓದಿದವರ ಹೆಸರಲ್ಲಿ ಎಂಬಿಎ!

ವರ್ಧಾ ನೋಡಬೇಕು ಅಂದರೆ ಇಲ್ಲಿಂದ ಹೇಗೆ ಹೋಗುವುದು?

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ, ನಾಗಪುರದ ಕಡೆ ಹೋಗುವ ರೈಲು ಹಿಡಿಯುವುದು ಸುಲಭ. ನಾಗಪುರದಿಂದ ವರ್ಧಾ ಸುಮಾರು 75 ಕಿಲೋಮೀಟರ್. ಊರಿಂದ ಸೇವಾಗ್ರಾಮ ಆಶ್ರಮ 8 ಕಿಲೋಮೀಟರ್ ಆಸುಪಾಸು, ಆಟೋ ಸಿಗುತ್ತದೆ. ಆಶ್ರಮ, ಮಗನವಾಡಿ, ಲಕ್ಷ್ಮೀನಾರಾಯಣ ದೇವಸ್ಥಾನ, ಪವನಾರ್‌ನಲ್ಲಿ ಧಾಮ್ ನದಿ ದಡದ ವಿನೋಬಾ ಆಶ್ರಮ, ಇಷ್ಟನ್ನು ಎರಡು ದಿನದಲ್ಲಿ ನಿಧಾನವಾಗಿ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೇಡ. ವಿದರ್ಭದ ಬಿಸಿಲು ಮಲೆನಾಡಿನವರಿಗೆ ತಡೆಯುವುದಿಲ್ಲ. ಅಡಿಕೆ ಕೊಯ್ಲು ಮುಗಿದು, ಫೆಬ್ರುವರಿಯಲ್ಲಿ ಹೋದರೆ ಒಳ್ಳೆಯದು.